ಬಿಸಿಯಾದ ಮೇಲೆ ಬೀಟಲ್ ಸೆಲ್ಫ್ ಎತ್ತುತ್ತಿಲ್ಲ, ಬರೀ ‘ಟಕ್’ ಅನ್ನುತ್ತದೆ

ನೀಲಿ ಬೀಟಲ್, ದಾವಣಗೆರೆ
ಏಪ್ರಿಲ್ 9, ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1969ರ ಫೋಕ್ಸ್‌ವ್ಯಾಗನ್ ಬೀಟಲ್ ಇದೆ. 1500 ಎಂಜಿನ್, 12 ವೋಲ್ಟ್. ಅಪ್ಪ 1986ರಲ್ಲಿ ಬೆಂಗಳೂರಿನಿಂದ ತಂದಿದ್ದು. ಅವರು ಹೋದ ಮೇಲೆ ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಹೋದ ದೀಪಾವಳಿಗೆ ಹೊರಗೆ ತೆಗೆದು, ಕಾರ್ಬುರೇಟರ್ ಬಿಚ್ಚಿ ತೊಳೆದು, ಬ್ರೇಕ್ ಸರಿಮಾಡಿಸಿ ಓಡಿಸಲು ಶುರುಮಾಡಿದೆ. ಎಂಜಿನ್ ಚೆನ್ನಾಗಿದೆ. ತೊಂದರೆ ಇರುವುದು ಎಂಜಿನ್ ಎತ್ತುವ ಮೋಟರಿನಲ್ಲಿ, ಅಂದರೆ ಸೆಲ್ಫ್‌ನಲ್ಲಿ.

ಬೆಳಿಗ್ಗೆ ಕೀ ತಿರುಗಿಸಿದರೆ ಒಂದೇ ಏಟಿಗೆ ಎತ್ತುತ್ತದೆ. ಅರ್ಧ ಗಂಟೆ ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಮತ್ತೆ ಕೀ ತಿರುಗಿಸಿದರೆ ಹಿಂದಿನಿಂದ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಹೋದ ಭಾನುವಾರ ಹೆಂಡತಿ ಮಕ್ಕಳ ಜೊತೆ ಚಿತ್ರದುರ್ಗಕ್ಕೆ ಹೊರಟಿದ್ದೆವು. ಭರಮಸಾಗರದಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಆಮೇಲೆ ಎಷ್ಟು ಸಲ ತಿರುಗಿಸಿದರೂ ಟಕ್, ಟಕ್. ನಲವತ್ತು ನಿಮಿಷ ಬಿಸಿಲಲ್ಲಿ ಕಾದೆವು. ಆಮೇಲೆ ಏನೂ ಆಗಿಲ್ಲವೇನೋ ಎನ್ನುವ ಹಾಗೆ ಸ್ಟಾರ್ಟ್ ಆಯಿತು. ಕೋಟೆ ನೋಡುವುದು ಬಿಟ್ಟು ಅಲ್ಲಿಂದಲೇ ವಾಪಸ್ ಬಂದೆವು. ಚಿಕ್ಕ ಮಗಳು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿದ್ದಳು.

ಇಲ್ಲಿತನಕ ಮಾಡಿದ್ದು ಇಷ್ಟು: ಹೊಸ ಬ್ಯಾಟರಿ ಹಾಕಿಸಿದೆ. ಒಬ್ಬ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಸೆಲ್ಫ್ ಮೋಟರ್ ಬಿಚ್ಚಿಸಿ ರಿವೈಂಡಿಂಗ್ ಮಾಡಿಸಿ, ಹೊಸ ಕಾರ್ಬನ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ತುಂಡು) ಹಾಕಿಸಿದೆ. ಎರಡು ವಾರ ಸರಿ ಇತ್ತು, ಮತ್ತೆ ಅದೇ ಕಥೆ. ಈಗ ಅವರು “ಸೆಲ್ಫ್ ಹೋಯಿತು, ಹೊಸದು ತರಿಸಿ” ಅನ್ನುತ್ತಿದ್ದಾರೆ. ಹೊರಗಿನಿಂದ ತರಿಸಲು ದುಡ್ಡು ಜಾಸ್ತಿ ಆಗುತ್ತದೆ. ತರಿಸಿದ ಮೇಲೂ ಹೀಗೇ ಆದರೆ ಏನು ಮಾಡಲಿ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೋಟೆ ವೈರ್‌ಮನ್, ಚಿತ್ರದುರ್ಗ
ಏಪ್ರಿಲ್ 9, ರಾತ್ರಿ

ಹೊಸ ಸೆಲ್ಫ್ ತರಿಸಬೇಡಿ. ಈಗಲೇ ಬೇಡ. ಮೊದಲು ಒಂದು ಮಲ್ಟಿಮೀಟರ್ ತನ್ನಿ.

ನಾನು ಈ ಗಾಳಿ ತಂಪಿನ ಎಂಜಿನ್ನುಗಳ ಜೊತೆ ಇಪ್ಪತ್ತು ವರ್ಷದಿಂದ ಇದ್ದೇನೆ. ‘ಸೆಲ್ಫ್ ಹೋಗಿದೆ’ ಅಂತ ನನ್ನ ಹತ್ತಿರ ಬಂದ ಬೀಟಲ್‌ಗಳಲ್ಲಿ ನಿಜಕ್ಕೂ ಸೆಲ್ಫ್ ಹೋಗಿದ್ದು ಕಡಿಮೆ. ಮೋಟರಿಗೆ ಹೋಗಬೇಕಾದ ಕರೆಂಟ್ ದಾರಿಯಲ್ಲೇ ಸೋರಿ ಹೋಗುತ್ತಿರುತ್ತದೆ. ಎಲ್ಲಿ ಸೋರುತ್ತಿದೆ ಅಂತ ಅಳೆಯದೆ ಸಾಮಾನು ಬದಲಿಸುತ್ತಾ ಹೋದರೆ ದುಡ್ಡು ಖಾಲಿ ಆಗುತ್ತದೆ, ತೊಂದರೆ ಹಾಗೇ ಇರುತ್ತದೆ.

ಬೀಟಲ್‌ನ ವೈರಿಂಗ್ ದಾರಿ ಸ್ವಲ್ಪ ನೋಡಿ. ಬ್ಯಾಟರಿ ಹಿಂದಿನ ಸೀಟಿನ ಕೆಳಗೆ. ಅಲ್ಲಿಂದ ದಪ್ಪ ಕೇಬಲ್ ಸೆಲ್ಫ್ ಮೇಲಿನ ಸೊಲೆನಾಯ್ಡ್‌ಗೆ ಬರುತ್ತದೆ. ಸೊಲೆನಾಯ್ಡ್ ಅಂದರೆ ಕರೆಂಟ್ ಬಂದಾಗ ಸೆಲ್ಫ್ ಗೇರನ್ನು ಮುಂದಕ್ಕೆ ತಳ್ಳಿ ಮೋಟರಿಗೆ ಕರೆಂಟ್ ಬಿಡುವ ಅಯಸ್ಕಾಂತ. ಕೇಬಲ್ ಬಂದು ಸೇರುವ ಬೋಲ್ಟಿನ ಹೆಸರು 30. ಇದು ಗಿಡ್ಡ ದಾರಿ, ಸರಿ. ಆದರೆ ಸೊಲೆನಾಯ್ಡನ್ನು ಎಳೆಯುವ ಕರೆಂಟಿನ ದಾರಿ ಬೇರೆ. ಅದು 30ರಿಂದ ಬ್ಯಾಟರಿ ಚಾರ್ಜ್ ನೋಡಿಕೊಳ್ಳುವ ರೆಗ್ಯುಲೇಟರಿಗೆ, ಅಲ್ಲಿಂದ ಕಾರಿನ ಮುಂದಕ್ಕೆ ಹೆಡ್‌ಲೈಟ್ ಸ್ವಿಚ್ಚಿಗೆ, ಅಲ್ಲಿಂದ ಕೀ ಸ್ವಿಚ್ಚಿಗೆ, ಕೀ ತಿರುಗಿಸಿದಾಗ ಮತ್ತೆ ಪೂರ್ತಿ ಹಿಂದಕ್ಕೆ ಬಂದು ಸೊಲೆನಾಯ್ಡ್‌ನ 50 ಅನ್ನುವ ಚಿಕ್ಕ ತುದಿಗೆ ಸೇರುತ್ತದೆ. ಇಡೀ ಕಾರನ್ನು ಒಂದು ಸುತ್ತು ಹಾಕಿದ ಹಾಗೆ. ದಾರಿಯಲ್ಲಿ ಎಷ್ಟು ಜೋಡಣೆ, ಎಷ್ಟು ಸ್ಪೇಡ್ ಟರ್ಮಿನಲ್! ಐವತ್ತು ವರ್ಷದ ಮೇಲೆ ಒಂದೊಂದೂ ಸ್ವಲ್ಪ ಸ್ವಲ್ಪ ವೋಲ್ಟ್ ತಿನ್ನುತ್ತದೆ.

ಸೊಲೆನಾಯ್ಡ್ ಮೊದಲು ಎಳೆಯುವಾಗ ಸುಮಾರು 30 ಆಂಪಿಯರ್ ಕೇಳುತ್ತದೆ. ಆ ಸುತ್ತಿನಲ್ಲಿ ಬರೀ 0.15 ಓಮ್ ತಡೆ ಇದ್ದರೂ ನಾಲ್ಕೂವರೆ ವೋಲ್ಟ್ ದಾರಿಯಲ್ಲೇ ಹೋಯಿತು. 0.15 ಓಮ್ ಅಂದರೆ ಮಾಮೂಲಿ ಮೀಟರಿನಲ್ಲಿ ತೋರಿಸುವುದೂ ಇಲ್ಲ. ಅದಕ್ಕೇ ಓಮ್ ಅಳೆಯಬೇಡಿ. ಕರೆಂಟ್ ಹರಿಯುವಾಗ ವೋಲ್ಟ್ ಅಳೆಯಿರಿ.

ಇನ್ನು ಬಿಸಿಯ ವಿಷಯ. ತಾಮ್ರ ಬಿಸಿಯಾದಷ್ಟೂ ಅದರ ತಡೆ ಜಾಸ್ತಿ ಆಗುತ್ತದೆ. 30 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿಯೇ ಏರುತ್ತದೆ. ಬೀಟಲ್‌ನಲ್ಲಿ ಸೆಲ್ಫ್ ಇರುವುದು ಗೇರ್‌ಬಾಕ್ಸಿನ ಬಲಗಡೆ, ಎಂಜಿನ್ ಮತ್ತು ಹೀಟ್ ಎಕ್ಸ್‌ಚೇಂಜರ್ ಪಕ್ಕದಲ್ಲೇ. ಓಡುವಾಗ ಗಾಳಿ ಬೀಸುತ್ತದೆ. ನಿಲ್ಲಿಸಿದ ಕೂಡಲೇ ಎಂಜಿನ್ನಿನ ಬಿಸಿಯೆಲ್ಲ ಅಕ್ಕಪಕ್ಕಕ್ಕೆ ಇಳಿಯುತ್ತದೆ. ಹಾಗಾಗಿ ನೀವು ಟೀ ಕುಡಿಯುವ ಆ ಹತ್ತು ನಿಮಿಷದಲ್ಲೇ ಸೊಲೆನಾಯ್ಡ್ ಜಾಸ್ತಿ ಬಿಸಿಯಾಗುವುದು. ಬೆಳಿಗ್ಗೆ 8 ವೋಲ್ಟಿನಲ್ಲಿ ಹೇಗೋ ಎಳೆದ ಸೊಲೆನಾಯ್ಡ್ ಬಿಸಿಯಲ್ಲಿ ಅರ್ಧ ಎಳೆದು ನಿಲ್ಲುತ್ತದೆ. ಅದೇ ನಿಮ್ಮ ‘ಟಕ್’.

ಮೊದಲು ಒಂದು ಸುಲಭದ ಪರೀಕ್ಷೆ. ಮುಂದಿನ ಸಲ ಟಕ್ ಅಂದಾಗ ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಬೆಳಕು ಹಾಗೇ ಇದ್ದರೆ ಮೋಟರಿಗೆ ಕರೆಂಟ್ ಹೋಗೇ ಇಲ್ಲ, ಸೊಲೆನಾಯ್ಡ್ ಕಡೆ ನೋಡಬೇಕು. ಬೆಳಕು ಹಳದಿಯಾಗಿ ಕುಗ್ಗಿದರೆ ಬ್ಯಾಟರಿ, ದಪ್ಪ ಕೇಬಲ್, ಅರ್ತ್, ಇಲ್ಲವೇ ಮೋಟರೇ ಒಳಗೆ ಉಜ್ಜುತ್ತಿದೆ.

ಆಮೇಲೆ ಅಳತೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲಿನ 15ನೇ ತಂತಿ ಬಿಚ್ಚಿಡಿ, ಎಂಜಿನ್ ಹತ್ತಿಕೊಳ್ಳಬಾರದು. ಒಬ್ಬರು ಕೀ ತಿರುಗಿಸಲಿ, ಒಬ್ಬರು ಅಳೆಯಲಿ.

ಬ್ಯಾಟರಿಯ ಎರಡು ಕಂಬದ ನಡುವೆ ಸುಮ್ನೆ ನಿಂತಾಗ ಎಷ್ಟು, ಸೆಲ್ಫ್ ಹೊಡೆಯುವಾಗ ಎಷ್ಟು ನೋಡಿ. ತುಂಬಿದ ಬ್ಯಾಟರಿ 12.6 ತೋರಿಸುತ್ತದೆ. ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋಗಬಾರದು. ಬ್ಯಾಟರಿ ಪ್ಲಸ್‌ನಿಂದ ಸೊಲೆನಾಯ್ಡಿನ 30ಕ್ಕೆ ಅಳೆದರೆ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಬ್ಯಾಟರಿ ಮೈನಸ್‌ನಿಂದ ಸೆಲ್ಫ್ ಮೈಗೆ ಅದಕ್ಕಿಂತಲೂ ಕಡಿಮೆ, 0.2, 0.3ರ ಒಳಗೆ. ಕೊನೆಗೆ ಬಿಸಿಯಲ್ಲಿ ಟಕ್ ಅನ್ನುವಾಗ 50ನೇ ತುದಿಯಿಂದ ಸೆಲ್ಫ್ ಮೈಗೆ ಎಷ್ಟು ಅಂತ ನೋಡಿ. ಈ ಅಂಕೆಗಳನ್ನು ಬರೆದು ಹಾಕಿ. ಆಮೇಲೆ ಮಾತಾಡೋಣ.

ಕುಂದುವಾಡ, ದಾವಣಗೆರೆ
ಏಪ್ರಿಲ್ 10, ಬೆಳಿಗ್ಗೆ

ನಮ್ಮ ಮಾವನ ಹತ್ತಿರ ಬೀಟಲ್ ಇದ್ದಾಗ ಗಾಡಿ ಕೆಳಗೆ ನುಗ್ಗಿ ಸೆಲ್ಫ್‌ಗೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಿದ್ದರು. ತಕ್ಷಣ ಎತ್ತುತ್ತಿತ್ತು. ಅದನ್ನೂ ನೋಡಿ. ಇಲ್ಲ ಅಂದರೆ ಇಳಿಜಾರಿನಲ್ಲಿ ನಿಲ್ಲಿಸಿ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಆಯಿತು, ಬೀಟಲ್ ಹಗುರ ಗಾಡಿ.

ಕೋಟೆ ವೈರ್‌ಮನ್, ಚಿತ್ರದುರ್ಗ
ಏಪ್ರಿಲ್ 10, ಬೆಳಿಗ್ಗೆ

ತಟ್ಟಿದರೆ ಎತ್ತುವುದು ಕಾರ್ಬನ್ ಸವೆದು ಸಿಕ್ಕಿಕೊಂಡಿದ್ದಾಗ, ಅಥವಾ ಸೊಲೆನಾಯ್ಡ್ ಒಳಗಿನ ತಾಮ್ರದ ಬಿಲ್ಲೆ ಸುಟ್ಟಿದ್ದಾಗ. ಇವರ ಕಾರ್ಬನ್ ಹೊಸದು. ದಾರಿಯಲ್ಲಿ ಸಿಕ್ಕಿಬಿದ್ದಾಗ ಮನೆ ಸೇರಲು ತಟ್ಟಬಹುದು. ಸೊಲೆನಾಯ್ಡ್ ಮೇಲೆ ಮಾತ್ರ ಜೋರಾಗಿ ಹೊಡೆಯಬೇಡಿ, ಟರ್ಮಿನಲ್ ಇರುವ ಮುಚ್ಚಳ ಒಡೆಯುತ್ತದೆ.

ಇನ್ನೊಂದು ಮಾತು. 30 ಮತ್ತು 50ರ ನಡುವೆ ಸ್ಕ್ರೂಡ್ರೈವರ್ ಇಟ್ಟು ಸ್ಟಾರ್ಟ್ ಮಾಡುವ ಅಭ್ಯಾಸ ಎಲ್ಲರಿಗೂ ಇದೆ. ಅದರಿಂದ ಒಂದು ವಿಷಯ ಗೊತ್ತಾಗುವುದು ನಿಜ. ಕೀಯಲ್ಲಿ ಆಗದ್ದು ಹಾಗೆ ಮಾಡಿದಾಗ ಆದರೆ ಮೋಟರ್ ಸರಿ ಇದೆ, ಕೀ ಕಡೆಯ ದಾರಿ ಕೆಟ್ಟಿದೆ. ಆದರೆ ಪೆಟ್ರೋಲ್ ಪೈಪು ಹಳೆಯದಿದ್ದು ಎಲ್ಲಾದರೂ ಜಿನುಗುತ್ತಿದ್ದರೆ ಆ ಕಿಡಿ ಸಾಕು ಗಾಡಿ ಸುಡಲು. ಮೊದಲು ಪೈಪು ನೋಡಿ, ವಾಸನೆ ನೋಡಿ. ಗಾಡಿ ಗೇರಿನಲ್ಲಿದ್ದರೆ ಕೆಳಗೆ ಮಲಗಿದವರ ಮೇಲೇ ಹರಿಯುತ್ತದೆ. ನಾನು ಮೀಟರನ್ನೇ ನಂಬುತ್ತೇನೆ.

ನೀಲಿ ಬೀಟಲ್, ದಾವಣಗೆರೆ
ಏಪ್ರಿಲ್ 13, ಸಂಜೆ

ಅಳೆದೆ. ಮಗ ಕೀ ತಿರುಗಿಸಿದ, ನಾನು ಕೆಳಗೆ ಮಲಗಿದ್ದೆ. ಆವರಗೊಳ್ಳದವರೆಗೆ ಹೋಗಿ ಬಂದು, ಮನೆ ಮುಂದೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟೆ. ಸರಿಯಾಗಿ ಟಕ್ ಅಂದಿತು.

ಬ್ಯಾಟರಿ ಸುಮ್ನೆ ನಿಂತಾಗ 12.6. ತಣ್ಣಗಿದ್ದಾಗ ಸೆಲ್ಫ್ ಹೊಡೆದರೆ 10.4. ಪ್ಲಸ್ ಕಡೆ ಕಳೆದದ್ದು 0.3. ಮೈನಸ್ ಕಡೆ 1.1. ಬಿಸಿಯಲ್ಲಿ ಟಕ್ ಅನ್ನುವಾಗ 50ರ ತುದಿಯಲ್ಲಿ ಬರೀ 7.4. ಹೆಡ್‌ಲೈಟ್ ಬೆಳಕು ಕುಗ್ಗಲೇ ಇಲ್ಲ.

7.4 ನೋಡಿದಾಗ ನನಗೆ ತಡೆಯಲಾಗದ ಖುಷಿ ಆಯಿತು. ಆರು ತಿಂಗಳಿಂದ ಕಣ್ಣಿಗೆ ಕಾಣದೆ ಕಾಡುತ್ತಿದ್ದದ್ದು ಒಂದು ಅಂಕೆಯಾಗಿ ಎದುರಿಗೆ ನಿಂತಿತು.

ಕೋಟೆ ವೈರ್‌ಮನ್, ಚಿತ್ರದುರ್ಗ
ಏಪ್ರಿಲ್ 13, ರಾತ್ರಿ

ಚೆನ್ನಾಗಿ ಅಳೆದಿದ್ದೀರಿ. ಎರಡು ಕಳ್ಳರು ಸಿಕ್ಕರು. ಒಂದು, 50ಕ್ಕೆ ಬರುವ ಉದ್ದ ದಾರಿ. ಎರಡು, ಮೈನಸ್ ಕಡೆಯ 1.1 ವೋಲ್ಟ್. ಅದು ಅರ್ತ್.

ಅರ್ತ್ ಮೊದಲು ನೋಡಿ. ಬೀಟಲ್‌ನ ಎಂಜಿನ್ ಮತ್ತು ಗೇರ್‌ಬಾಕ್ಸ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತವೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅಲ್ವಾ? ಅದಕ್ಕೇ ಗೇರ್‌ಬಾಕ್ಸಿನ ಮುಂದಿನ ತುದಿಯಿಂದ ಬಾಡಿಗೆ ಒಂದು ಹೆಣೆದ ತಾಮ್ರದ ಪಟ್ಟಿ ಇರುತ್ತದೆ. ಯಾರೋ ಗೇರ್‌ಬಾಕ್ಸ್ ಇಳಿಸಿದಾಗ ಬಿಟ್ಟಿರುತ್ತಾರೆ, ಅಥವಾ ತುಕ್ಕು ಹಿಡಿದು ಹರಿದಿರುತ್ತದೆ. ಆಗ ಸೆಲ್ಫ್‌ನ ಕರೆಂಟೆಲ್ಲ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್ ಹಿಡಿದು ವಾಪಸ್ ಹೋಗುತ್ತದೆ. ಆ ಕೇಬಲ್‌ಗಳು ಬಿಸಿಯಾಗಿ ಒಳಗಿನ ಗ್ರೀಸ್ ಸುಟ್ಟು ಬಿಗಿಯಾಗುತ್ತವೆ. ನಿಮ್ಮ ಆಕ್ಸಿಲರೇಟರ್ ಬಿಗಿ ಇದೆಯಾ?

50ರ ವಿಷಯಕ್ಕೆ ನಾನಾದರೆ ರಿಲೇ ಹಾಕುತ್ತೇನೆ. ಅದು ಚಿಕ್ಕ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ತೆಗೆಯುವ ಸ್ವಿಚ್ಚು. 12 ವೋಲ್ಟಿನ 40 ಆಂಪಿಯರ್ ರಿಲೇ, ನಾಲ್ಕು ಕಾಲಿನದು, ಪಿ.ಬಿ. ರಸ್ತೆಯ ಯಾವ ಆಟೋ ಅಂಗಡಿಯಲ್ಲೂ ಸಿಗುತ್ತದೆ. ಈಗ 50ಕ್ಕೆ ಬರುತ್ತಿರುವ ಹಳೇ ತಂತಿಯನ್ನು ಕಿತ್ತು ರಿಲೇಯ 86ಕ್ಕೆ ಕೊಡಿ. 85 ಅರ್ತ್‌ಗೆ. ಬ್ಯಾಟರಿ ಪ್ಲಸ್‌ನಿಂದ ಫ್ಯೂಸ್ ಹಾಕಿ 4 ಚದರ ಮಿಲಿಮೀಟರ್ ತಂತಿ ರಿಲೇಯ 30ಕ್ಕೆ. 87ರಿಂದ ಅದೇ ದಪ್ಪದ ತಂತಿ ಸೊಲೆನಾಯ್ಡಿನ 50ಕ್ಕೆ. ರಿಲೇಯನ್ನು ಹಿಂದಿನ ಸೀಟಿನ ಕೆಳಗೆ ಕೂರಿಸಿ, ಎಂಜಿನ್ ಹತ್ತಿರ ಬೇಡ. ಈಗ ಕೀ ಸ್ವಿಚ್ಚು 30 ಆಂಪಿಯರ್ ಹೊರಬೇಕಿಲ್ಲ, ರಿಲೇ ಎಳೆಯುವಷ್ಟು ಹೊತ್ತರೆ ಸಾಕು. ಕೀ ಸ್ವಿಚ್ಚಿನ ಆಯುಷ್ಯವೂ ಜಾಸ್ತಿ ಆಗುತ್ತದೆ.

ಸೀಟಿನ ಕೆಳಗೆ ಕೈ ಹಾಕುವಾಗ ಬ್ಯಾಟರಿ ಮೇಲಿನ ಮುಚ್ಚಳ ಇದೆಯಾ ನೋಡಿ. ಬೀಟಲ್‌ನಲ್ಲಿ ಅದು ತುಂಬಾ ಮುಖ್ಯ. ದಪ್ಪ ಮನುಷ್ಯರು ಕೂತಾಗ ಸೀಟಿನ ಸ್ಪ್ರಿಂಗ್ ಬ್ಯಾಟರಿ ಕಂಬಕ್ಕೆ ತಾಗಿ ಸೀಟಿನ ನಾರು ಹೊತ್ತಿಕೊಂಡದ್ದಿದೆ. ಮುಚ್ಚಳ ಇಲ್ಲದಿದ್ದರೆ ದಪ್ಪ ರಬ್ಬರ್ ಹಾಳೆಯನ್ನಾದರೂ ಕಟ್ಟಿ.

ಹಳೇ ತಂತಿ, ಹಿರಿಯೂರು
ಏಪ್ರಿಲ್ 14, ಮಧ್ಯಾಹ್ನ

ಹಿರಿಯರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸಿಟ್ಟು ಮಾಡಿಕೊಳ್ಳಬೇಡಿ.

ರಿಲೇ ಹಾಕಿದರೆ ಟಕ್ ಹೋಗುತ್ತದೆ, ಒಪ್ಪುತ್ತೇನೆ. ಆದರೆ ನಾಲ್ಕೈದು ವೋಲ್ಟ್ ತಿನ್ನುವ ಆ ಹಾಳು ಜೋಡಣೆ ಎಲ್ಲಿತ್ತೋ ಅಲ್ಲೇ ಇರುತ್ತದೆ. ಆ ದಾರಿಯಲ್ಲೇ ಹೆಡ್‌ಲೈಟ್ ಕರೆಂಟೂ ಹೋಗುವುದು. ಇವತ್ತು ಸೆಲ್ಫ್, ನಾಳೆ ರಾತ್ರಿ ಹೈವೇಯಲ್ಲಿ ಹೆಡ್‌ಲೈಟ್ ಸ್ವಿಚ್ಚಿನ ಹಿಂದೆ ಟರ್ಮಿನಲ್ ಕರಗಿ ಲೈಟು ಹೋದರೆ? ನಾನು 1972ರ ಗಾಡಿಯಲ್ಲಿ ರಿಲೇ ಇಲ್ಲದೆ ಓಡಿಸುತ್ತಿದ್ದೇನೆ. ಕೀ ಸ್ವಿಚ್ಚಿನ ಹಿಂಭಾಗದ ಪ್ಲಾಸ್ಟಿಕ್ ತುಂಡು ಹೊಸದು ಹಾಕಿದೆ, ಪ್ರತಿಯೊಂದು ಟರ್ಮಿನಲ್ ಬಿಚ್ಚಿ ಉಜ್ಜಿದೆ, ಸಡಿಲ ಆದದ್ದನ್ನು ಹೊಸದಾಗಿ ಒತ್ತಿ ಹಾಕಿದೆ. ಹಿರಿಯೂರಿನ ಬಿಸಿಲು ನಿಮಗೆ ಗೊತ್ತಿರುವುದೇ. ಒಂದು ಸಲವೂ ನಿಂತಿಲ್ಲ.

ಮೊದಲು ಸ್ವಚ್ಛ ಮಾಡಿ. ಆಮೇಲೆ ಬೇಕಾದರೆ ರಿಲೇ. ರಿಲೇ ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಕೀ ತೆಗೆದರೂ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಅದನ್ನೂ ಮರೆಯಬೇಡಿ. ಬ್ಯಾಟರಿಗೆ ಒಂದು ಕಟ್‌ಆಫ್ ಸ್ವಿಚ್ಚು ಇರಲಿ.

ಕೋಟೆ ವೈರ್‌ಮನ್, ಚಿತ್ರದುರ್ಗ
ಏಪ್ರಿಲ್ 14, ರಾತ್ರಿ

ಸಿಟ್ಟೇನಿಲ್ಲ. ನೀವು ಹೇಳಿದ ಕ್ರಮವೇ ಸರಿ. ಮೊದಲು ಸ್ವಚ್ಛ, ಆಮೇಲೆ ರಿಲೇ. ಹೆಡ್‌ಲೈಟ್ ವಿಷಯ ನಾನು ಹೇಳಬೇಕಿತ್ತು.

ಹೊಳಲ್ಕೆರೆ 500, ಈಗ ಬೆಂಗಳೂರು
ಏಪ್ರಿಲ್ 16, ರಾತ್ರಿ

ನನ್ನದು ಬೀಟಲ್ ಅಲ್ಲ, ಹಳೇ ಫಿಯೆಟ್ 500. ಹಿಂದೆ ಎರಡು ಸಿಲಿಂಡರಿನ ಗಾಳಿ ತಂಪಿನ ಎಂಜಿನ್. 1957ರಿಂದ 1975ರವರೆಗೆ ಬಂದ ಗಾಡಿ ಅದು. ಇದರಲ್ಲಿ ನಿಮ್ಮ 50ರ ಗೋಳೇ ಇಲ್ಲ. ಸೀಟುಗಳ ನಡುವೆ ಹ್ಯಾಂಡ್‌ಬ್ರೇಕ್ ಪಕ್ಕ ಎರಡು ಪುಟ್ಟ ಲಿವರ್, ಒಂದು ಚೋಕ್, ಒಂದು ಸೆಲ್ಫ್. ಸೆಲ್ಫ್ ಲಿವರ್ ಎತ್ತಿದರೆ ಉಕ್ಕಿನ ಕೇಬಲ್ ಹಿಂದಕ್ಕೆ ಹೋಗಿ ಗೇರನ್ನು ಕೈಯಿಂದಲೇ ಮುಂದಕ್ಕೆ ತಳ್ಳಿ, ಕಾಂಟ್ಯಾಕ್ಟನ್ನೂ ಒತ್ತುತ್ತದೆ.

ಆದರೆ ಅದಕ್ಕೂ ತನ್ನದೇ ರೋಗ. ಕೇಬಲ್ ಎಳೆದು ಎಳೆದು ಉದ್ದವಾಗುತ್ತದೆ. ಆಗ ಗೇರ್ ಎಂಜಿನ್ನಿನ ಹಲ್ಲಿನ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ ಪೂರ್ತಿ ಹೊಂದುವ ಮೊದಲೇ ಲಿವರ್ ಕೊನೆ ಮುಟ್ಟುತ್ತದೆ. ಕರಕರ ಸದ್ದು, ಹಲ್ಲು ಸವೆತ. ಎರಡು ವರ್ಷ ನಾನು ಮೋಟರನ್ನೇ ಬೈದೆ. ಕೊನೆಗೆ ಕೇಬಲ್ ತುದಿಯ ನಟ್ಟು ನಾಲ್ಕು ಸುತ್ತು ಬಿಗಿ ಮಾಡಿದಾಗ ಸರಿಹೋಯಿತು. ನಿಮ್ಮ ಮಾತು ಓದಿ ಅದು ನೆನಪಾಯಿತು.

ಆರು ವೋಲ್ಟ್, ದಾವಣಗೆರೆ
ಏಪ್ರಿಲ್ 17, ಬೆಳಿಗ್ಗೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು 1963ರ ಬೀಟಲ್, 6 ವೋಲ್ಟ್. 12 ವೋಲ್ಟ್ ಮಾಡಿಸಬೇಕು ಅಂತಿದ್ದೇನೆ. ಸೆಲ್ಫ್ ಬದಲಿಸಲೇಬೇಕಾ? ಒಬ್ಬರು 12 ವೋಲ್ಟ್ ಸೆಲ್ಫ್ ಕೊಡುತ್ತೇನೆ, ಹಾಗೇ ಕೂರುತ್ತದೆ ಅನ್ನುತ್ತಿದ್ದಾರೆ.

ಕೋಟೆ ವೈರ್‌ಮನ್, ಚಿತ್ರದುರ್ಗ
ಏಪ್ರಿಲ್ 17, ಮಧ್ಯಾಹ್ನ

ಹಾಗೇ ಕೂರುವುದಿಲ್ಲ. 6 ವೋಲ್ಟಿನ ಫ್ಲೈವೀಲಿಗೆ 109 ಹಲ್ಲು, 12 ವೋಲ್ಟಿನದಕ್ಕೆ 130. ಸೆಲ್ಫ್ ಗೇರಿನ ಹಲ್ಲೂ ಬೇರೆ, ಶಾಫ್ಟಿನ ದಪ್ಪವೂ ಬೇರೆ. ಫ್ಲೈವೀಲ್ ಬದಲಿಸಲು ಹೋದರೆ ಗೇರ್‌ಬಾಕ್ಸಿನ ಗಂಟೆಯಂಥ ಭಾಗದ ಒಳಗೆ ಅದು ತಾಗುತ್ತದೆ, ಅಲ್ಲಿ ಉಜ್ಜಬೇಕು.

ತುಂಬಾ ಜನ 12 ವೋಲ್ಟ್ ಮಾಡಿಸಿದ ಮೇಲೂ 6 ವೋಲ್ಟ್ ಸೆಲ್ಫನ್ನೇ ಇಟ್ಟುಕೊಂಡಿದ್ದಾರೆ. ಗಿರ್ರನೆ ತಿರುಗುತ್ತದೆ. ಎಂಜಿನ್ ಚೆನ್ನಾಗಿದ್ದು ಒಂದೆರಡು ಸೆಕೆಂಡಿನಲ್ಲಿ ಹತ್ತಿಕೊಳ್ಳುವ ಹಾಗಿದ್ದರೆ ವರ್ಷಗಟ್ಟಲೆ ಬಾಳುತ್ತದೆ. ಕೀ ಹಿಡಿದೇ ಇರುವ ಅಭ್ಯಾಸ ಇದ್ದರೆ ಸೊಲೆನಾಯ್ಡ್ ಸುಡುತ್ತದೆ. ಬಲ್ಬು, ಕಾಯಿಲ್, ವೈಪರ್ ಮೋಟರ್ ಎಲ್ಲ ಬೇರೆ ಲೆಕ್ಕ. ಅದಕ್ಕೆ ಬೇರೆಯೇ ಬರೆಯಿರಿ, ಇಲ್ಲಿ ನೀಲಿ ಬೀಟಲ್ ಕಥೆ ಮುಗಿಯಲಿ.

ನೀಲಿ ಬೀಟಲ್, ದಾವಣಗೆರೆ
ಏಪ್ರಿಲ್ 21, ರಾತ್ರಿ

ಎರಡು ಭಾನುವಾರದ ಕೆಲಸ ಒಟ್ಟಿಗೆ ಹೇಳುತ್ತೇನೆ.

ತಾಮ್ರದ ಪಟ್ಟಿ ಇತ್ತು, ಆದರೆ ಮುಕ್ಕಾಲು ಹರಿದಿತ್ತು. ಕೈ ಹಾಕಿದರೆ ಹಸಿರು ಪುಡಿ ಉದುರಿತು. ಮತ್ತೆ, ಹೌದು, ಆಕ್ಸಿಲರೇಟರ್ ಬಿಗಿ ಇತ್ತು! ಅಪ್ಪ ಇದ್ದಾಗಿನಿಂದಲೂ ಹಾಗೇ. ಬೀಟಲ್ ಅಂದರೆ ಹೀಗೇ ಅಂತ ನಾವೆಲ್ಲ ತಿಳಿದಿದ್ದೆವು. ಅದಕ್ಕೂ ಸೆಲ್ಫ್‌ಗೂ ಸಂಬಂಧ ಇದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಹೊಸ ಪಟ್ಟಿ ಹಾಕಿದೆ, ಎರಡೂ ಕಡೆ ಬಣ್ಣ ಕೆರೆದು ಬರೀ ಲೋಹ ಕಾಣುವ ಹಾಗೆ ಮಾಡಿ ಬಿಗಿದೆ, ಮೇಲೆ ಸ್ವಲ್ಪ ಗ್ರೀಸ್. ಬ್ಯಾಟರಿ ಕೇಬಲ್ ತುದಿಗಳನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದು ಉಜ್ಜಿದೆ. ಪ್ಲಸ್ ಕೇಬಲ್ಲಿಗೆ 35 ಚದರ ಮಿಲಿಮೀಟರಿನ ವೆಲ್ಡಿಂಗ್ ಕೇಬಲ್ ತಂದು ತುದಿ ಒತ್ತಿಸಿ ಹಾಕಿದೆ. ಈಗ ಮೈನಸ್ ಕಡೆ ಕಳೆಯುವುದು 0.1 ಮಾತ್ರ.

ಹಳೇ ತಂತಿಯವರು ಹೇಳಿದ ಹಾಗೆ ಹೆಡ್‌ಲೈಟ್ ಸ್ವಿಚ್ಚು, ಕೀ ಸ್ವಿಚ್ಚು, ರೆಗ್ಯುಲೇಟರ್ ಎಲ್ಲದರ ಟರ್ಮಿನಲ್ ಬಿಚ್ಚಿದೆ. ಹೆಡ್‌ಲೈಟ್ ಸ್ವಿಚ್ಚಿನ ಒಂದು ಟರ್ಮಿನಲ್ ಕಂದು ಬಣ್ಣಕ್ಕೆ ತಿರುಗಿತ್ತು, ಪ್ಲಾಸ್ಟಿಕ್ ಮೆತ್ತಗಾಗಿತ್ತು. ಅದನ್ನು ಕತ್ತರಿಸಿ ಹೊಸದು ಒತ್ತಿದೆ. ಆಮೇಲೆ ಬಿಸಿಯಲ್ಲಿ 50ರ ತುದಿ ಅಳೆದರೆ 9.1. ಐದು ಸಲದಲ್ಲಿ ನಾಲ್ಕು ಸಲ ಎತ್ತಿತು. ಒಂದು ಸಲ ಟಕ್.

ಅದಕ್ಕೇ ರಿಲೇಯನ್ನೂ ಹಾಕಿದೆ. ಟಕ್ ಅನ್ನುವುದು ಪೂರ್ತಿ ನಿಂತಿತು. ಇಬ್ಬರಿಗೂ ಮನಸ್ಸಿನಿಂದ ಧನ್ಯವಾದ.

ಆದರೆ ಇನ್ನೊಂದು ಶುರುವಾಗಿದೆ. ಅಥವಾ ಮೊದಲೇ ಇತ್ತೋ ಏನೋ, ಈಗ ಕಾಣುತ್ತಿದೆ. ಬಿಸಿಯಲ್ಲಿ ಪ್ರತಿ ಸಲ ಎತ್ತುತ್ತದೆ, ಆದರೆ ತುಂಬಾ ಭಾರವಾಗಿ. ‘ಊಂ... ಊಂ...’ ಅಂತ ಎಳೆಯುತ್ತದೆ. ಒಳಗೆ ಉಜ್ಜುವ ಸದ್ದು. ಹೆಡ್‌ಲೈಟ್ ಹಳದಿ ಆಗುತ್ತದೆ. ಆಗ ಬ್ಯಾಟರಿ 8.8ಕ್ಕೆ ಇಳಿಯುತ್ತದೆ. ತಣ್ಣಗಿದ್ದಾಗ 10.4 ಇತ್ತಲ್ಲ?

ಲೇತ್ ಮನೆ, ಹರಿಹರ
ಏಪ್ರಿಲ್ 22, ಬೆಳಿಗ್ಗೆ

ನಾನು ಇಲ್ಲಿ ಸಾಮಾನ್ಯವಾಗಿ ಓದುತ್ತೇನೆ, ಬರೆಯುವುದಿಲ್ಲ. ಆದರೆ ಇದು ನನಗೆ ಗೊತ್ತಿರುವ ರೋಗ.

ನಿಮ್ಮ ಬುಶ್ ಹೋಗಿದೆ, ಅಂದರೆ ಶಾಫ್ಟಿನ ತುದಿ ಕೂತು ತಿರುಗುವ ಬಳೆ. ಸೆಲ್ಫ್ ಒಳಗಿನ ಬುಶ್ ಅಲ್ಲ, ಗೇರ್‌ಬಾಕ್ಸಿನಲ್ಲಿ ಇರುವ ಬುಶ್.

ಹೆಚ್ಚಿನ ಕಾರುಗಳ ಸೆಲ್ಫ್‌ನಲ್ಲಿ ಮೋಟರ್ ಶಾಫ್ಟಿನ ಎರಡು ತುದಿಯೂ ಸೆಲ್ಫ್ ಒಳಗೇ ಕೂತಿರುತ್ತವೆ. ಬೀಟಲ್‌ನ ಮಾಮೂಲಿ ಬಾಷ್ ಸೆಲ್ಫ್ ಹಾಗಲ್ಲ. ಹಿಂದಿನ ತುದಿ ಮಾತ್ರ ಸೆಲ್ಫ್ ಒಳಗೆ. ಗೇರ್ ಇರುವ ತುದಿ ಖಾಲಿ ಹೊರಗೆ ಬಂದು, ಗೇರ್‌ಬಾಕ್ಸಿನ ಎರಕದಲ್ಲಿರುವ ಚಿಕ್ಕ ಕಂಚಿನ ಬುಶ್‌ನಲ್ಲಿ ಕೂರುತ್ತದೆ. ಸೆಲ್ಫ್ ಬಿಚ್ಚಿ ರಿವೈಂಡಿಂಗ್‌ಗೆ ಕೊಟ್ಟರೆ ಆ ಬುಶ್ ಗಾಡಿಯಲ್ಲೇ ಉಳಿಯುತ್ತದೆ. ರಿಪೇರಿ ಮಾಡಿದವರು ಅದನ್ನು ನೋಡುವುದೇ ಇಲ್ಲ. ಟೇಬಲ್ ಮೇಲೆ ಇಟ್ಟು ತಿರುಗಿಸಿದರೆ ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಗಾಡಿಗೆ ಹಾಕಿದರೆ ಉಜ್ಜುತ್ತದೆ.

ಬುಶ್ ಸವೆದರೆ ಶಾಫ್ಟ್ ಒಂದು ಕಡೆ ಬಾಗುತ್ತದೆ. ಮೋಟರ್ ಒಳಗೆ ತಿರುಗುವ ಭಾಗ, ಅಂದರೆ ಆರ್ಮೇಚರ್, ಪಕ್ಕದ ಕಬ್ಬಿಣದ ಪೋಲ್‌ಗೆ ತಾಗುತ್ತದೆ. ನಡುವಿನ ಜಾಗ ಮೊದಲೇ ಕೂದಲೆಳೆಯಷ್ಟು. ಬಿಸಿಯಾದಾಗ ಅದೂ ಹೋಗುತ್ತದೆ. ತಿರುಗಲು ಭಾರ, ಹಾಗಾಗಿ ಕರೆಂಟ್ ಜಾಸ್ತಿ ಎಳೆಯುತ್ತದೆ, ವೋಲ್ಟ್ ಇಳಿಯುತ್ತದೆ. ನಿಮ್ಮ 8.8 ಅದೇ.

ಸೆಲ್ಫ್ ಬಿಚ್ಚಿ ಎರಡು ಕಡೆ ನೋಡಿ. ಗೇರ್‌ಬಾಕ್ಸಿನ ಆ ರಂಧ್ರದಲ್ಲಿ ಬೆರಳು ತುದಿ ಆಡಿಸಿ, ದುಂಡಗಿದೆಯೋ ಮೊಟ್ಟೆಯಂತಿದೆಯೋ ಗೊತ್ತಾಗುತ್ತದೆ. ಆರ್ಮೇಚರ್ ಮೈ ಮೇಲೆ ಒಂದು ಪಟ್ಟೆ ಹೊಳೆಯುತ್ತಿದ್ದರೆ ಉಜ್ಜಿರುವುದು ಖಾತ್ರಿ.

ಬಿಚ್ಚುವಾಗ ಬ್ಯಾಟರಿ ಮೈನಸ್ ಮೊದಲು ತೆಗೆಯಿರಿ. ಬಲ ಹಿಂಚಕ್ರ ಬಿಚ್ಚಿದರೆ ಕೈ ಹೋಗಲು ಜಾಗ ಸಿಗುತ್ತದೆ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ, ಮರದ ದಿಮ್ಮಿ ಇಡಿ. ಸೆಲ್ಫ್ ಎರಡೇ ಕಡೆ ಬಿಗಿದಿರುತ್ತದೆ. ಕೆಳಗಿನದು ಸುಲಭ. ಮೇಲಿನ ಬೋಲ್ಟೇ ಎಂಜಿನ್ನನ್ನೂ ಹಿಡಿದಿರುತ್ತದೆ, ಅದರ ನಟ್ಟು ಎಂಜಿನ್ ಕಡೆಯಿಂದ, ಫ್ಯಾನ್ ಹೊದಿಕೆಯ ಹಿಂದೆ ಇರುತ್ತದೆ. ಇಬ್ಬರು ಬೇಕು.

ಹಳೇ ಬುಶ್ ತೆಗೆಯಲು ಅದರ ಒಳಗೆ ಟ್ಯಾಪ್‌ನಿಂದ ತಿರುಪಿನ ಎಳೆ ಕೊರೆದು, ಬೋಲ್ಟ್ ಹಾಕಿ, ಒಂದು ಪೈಪ್ ತುಂಡಿನ ಆಧಾರದಲ್ಲಿ ಹೊರಗೆ ಎಳೆಯಬೇಕು. ಉಳಿಯಿಂದ ಒಡೆಯಬೇಡಿ. ಗೇರ್‌ಬಾಕ್ಸಿನ ಎರಕ ಮೆಗ್ನೀಶಿಯಂ ಮಿಶ್ರ, ಗೀರು ಬಿದ್ದರೆ ಸರಿಮಾಡುವುದು ಕಷ್ಟ.

ಹೊಸದು ಸಿಕ್ಕರೆ ಪುಡಿ ಒತ್ತಿ ಮಾಡಿದ ಕಂಚಿನದೇ ಹಾಕಿ. ಅದಕ್ಕೆ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ, ಎಣ್ಣೆ ಕುಡಿಯುತ್ತದೆ. ರಾತ್ರಿಯಿಡೀ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿಟ್ಟು ಹಾಕಬೇಕು. ಒಳಗೆ ರೀಮರ್ ಹಾಕಿ ಕೆರೆಯಬಾರದು, ರಂಧ್ರ ಮುಚ್ಚುತ್ತವೆ. ಸಿಗದಿದ್ದರೆ ಫಾಸ್ಫರ್ ಬ್ರಾಂಜ್ ಸರಳಿನಿಂದ ಲೇತ್‌ನಲ್ಲಿ ಮಾಡಬಹುದು. ಅದು ಎಣ್ಣೆ ಕುಡಿಯುವುದಿಲ್ಲ, ಹಾಗಾಗಿ ಒಳಗೆ ಒಂದು ಸಣ್ಣ ಕಾಲುವೆ ತೆಗೆದು ಗ್ರೀಸ್ ತುಂಬಬೇಕು. ಹರಿಹರದಲ್ಲಿ ಇದನ್ನು ಮಾಡುವ ಕೈಗಳು ಇನ್ನೂ ಇವೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಕಾರ್ಖಾನೆಯಲ್ಲಿ ಕಲಿತವರು, ಅವರ ಕೈಯಲ್ಲಿ ಕಲಿತವರು. ಕಾರ್ಖಾನೆ ಮುಚ್ಚಿತು, ಕಸುಬು ಉಳಿದಿದೆ. ಶಾಫ್ಟ್ ಜೊತೆಗೆ ತನ್ನಿ. ಅಳತೆ ಬಾಯಿಮಾತಿನಲ್ಲಿ ಆಗುವುದಿಲ್ಲ.

ಹಳೇ ತಂತಿ, ಹಿರಿಯೂರು
ಏಪ್ರಿಲ್ 22, ಸಂಜೆ

ಇದು ನನಗೂ ಹೊಸದು. ಬುಶ್ ಗೇರ್‌ಬಾಕ್ಸಿನಲ್ಲಿ ಉಳಿಯುತ್ತದೆ ಅನ್ನುವುದು ಗೊತ್ತಿದ್ದಿದ್ದರೆ 2011ರಲ್ಲಿ ನಾನು ಎರಡು ಸೆಲ್ಫ್ ಕೊಳ್ಳುತ್ತಿರಲಿಲ್ಲ. ಹರಿಹರದವರು ದಯವಿಟ್ಟು ಇನ್ನು ಮೇಲೆ ಬರೆಯುತ್ತಿರಿ.

ನೀಲಿ ಬೀಟಲ್, ದಾವಣಗೆರೆ
ಮೇ 5, ರಾತ್ರಿ

ಬಿಚ್ಚಿದೆ. ಮೇಲಿನ ಬೋಲ್ಟಿಗೆ ಒಂದೂವರೆ ಗಂಟೆ ಹೋಯಿತು. ಪಕ್ಕದ ಮನೆ ಹುಡುಗ ಎಂಜಿನ್ ಕಡೆಯಿಂದ ಸ್ಪ್ಯಾನರ್ ಹಿಡಿದ, ನಾನು ಕೆಳಗಿನಿಂದ ತಿರುಗಿಸಿದೆ. ಬುಶ್ ಒಳಗೆ ಬೆರಳು ಇಟ್ಟ ಕೂಡಲೇ ಗೊತ್ತಾಯಿತು, ಒಂದು ಕಡೆ ಹಳ್ಳ. ಆರ್ಮೇಚರ್ ಮೇಲೆ ಅರ್ಧ ಇಂಚು ಅಗಲದ ಹೊಳೆಯುವ ಪಟ್ಟೆ.

ಹರಿಹರಕ್ಕೆ ಹೋದೆ. ಅಲ್ಲಿ ಒಬ್ಬ ಹಿರಿಯರು ಶಾಫ್ಟ್ ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿ ಮೈಕ್ರೋಮೀಟರ್ ಹಿಡಿದರು. ಮೂರು ಕಡೆ ಅಳೆದರು. ಮಾತೇ ಆಡಲಿಲ್ಲ. ಒಂದು ಗಂಟೆಯಲ್ಲಿ ಬುಶ್ ಮಾಡಿ, ಶಾಫ್ಟಿಗೆ ಹಾಕಿ, ಎರಡು ಬೆರಳಿನಲ್ಲಿ ತಿರುಗಿಸಿ ನನ್ನ ಕೈಗೆ ಕೊಟ್ಟರು. ಎಣ್ಣೆ ಹಚ್ಚಿದ ಹಾಗೆ ತಿರುಗಿತು, ಆದರೆ ಅಲುಗಾಡಲಿಲ್ಲ. ಅಪ್ಪನಿಗೆ ಇದನ್ನು ತೋರಿಸಬೇಕಿತ್ತು ಅನ್ನಿಸಿತು.

ಜೋಡಿಸಿ ಇವತ್ತು ಮತ್ತೆ ಚಿತ್ರದುರ್ಗಕ್ಕೆ ಹೊರಟೆವು. ಬೇಕಂತಲೇ ಮಧ್ಯಾಹ್ನ ಹನ್ನೆರಡಕ್ಕೆ. ಭರಮಸಾಗರದಲ್ಲಿ ಅದೇ ಅಂಗಡಿ ಮುಂದೆ ನಿಲ್ಲಿಸಿ ಟೀ ಕುಡಿದೆವು, ಸರಿಯಾಗಿ ಹತ್ತು ನಿಮಿಷ. ಸೀಟು ಎತ್ತಿ ಬ್ಯಾಟರಿಗೆ ಮೀಟರ್ ಹಚ್ಚಿ ಮಗನಿಗೆ ಹೇಳಿದೆ. ಗಿರ್ರ್ ಅಂತ ಎತ್ತಿತು. 10.3. ಕೋಟೆ ಹತ್ತಿದೆವು. ಮಗಳು ಒನಕೆ ಓಬವ್ವನ ಕಿಂಡಿಯಲ್ಲಿ ನುಗ್ಗಿ ಎರಡು ಸಲ ಹೊರಗೆ ಬಂದಳು. ಇಳಿದು ಬಂದಾಗ ಗಾಡಿ ಬಿಸಿಲಲ್ಲಿ ಕಾದ ಹಂಚಿನ ಹಾಗೆ ಇತ್ತು. ಮತ್ತೆ ಒಂದೇ ಏಟಿಗೆ.

ಎರಡು ಬುಶ್ ಮಾಡಿಸಿದ್ದೆ, ಒಂದು ಉಳಿದಿದೆ. 12 ವೋಲ್ಟ್ ಬೀಟಲ್ ಇದ್ದು ಇದೇ ರೋಗ ಇರುವವರು ಶಾಫ್ಟ್ ಅಳತೆ ಬರೆಯಿರಿ. ಹೊಂದಿದರೆ ಕೊಟ್ಟುಬಿಡುತ್ತೇನೆ.

ಆರು ವೋಲ್ಟ್, ದಾವಣಗೆರೆ
ಮೇ 6, ಬೆಳಿಗ್ಗೆ

ನನ್ನ ಶಾಫ್ಟ್ ದಪ್ಪ, ಅದು ಕೂರುವುದಿಲ್ಲ. ಆದರೆ ನಿನ್ನೆ ರಾತ್ರಿ ಇದನ್ನೆಲ್ಲ ಓದಿ ಬೆಳಿಗ್ಗೆ ಗಾಡಿ ಕೆಳಗೆ ಹೋಗಿ ನೋಡಿದೆ. ನನ್ನ ಗೇರ್‌ಬಾಕ್ಸಿಗೆ ಅರ್ತ್ ಪಟ್ಟಿಯೇ ಇಲ್ಲ. ಬೋಲ್ಟಿನ ಜಾಗದಲ್ಲಿ ಬರೀ ಮಣ್ಣು. ಇವತ್ತೇ ತರುತ್ತೇನೆ.